ಅಮ್ಮನನ್ನು ಊರಲ್ಲೇ ಇರಿಸುವುದಾ, ಬೆಂಗಳೂರಿಗೆ ಕರೆದುಕೊಂಡು ಬರುವುದಾ? ಕೋಲಾರ ಕಡೆಯವರು ದಯವಿಟ್ಟು ಹೇಳಿ

ಮುಳಬಾಗಿಲು ಮಗ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 74. ಅಪ್ಪ ಹೋದ ಮೇಲೆ ಒಬ್ಬರೇ ಇದ್ದಾರೆ. ಪಕ್ಕದಲ್ಲೇ ಚಿಕ್ಕಪ್ಪನ ಮನೆ. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಮಣಿಕಟ್ಟು ಊದಿಕೊಂಡಿತ್ತು. ಅವತ್ತಿನಿಂದ ಮನೆಯಲ್ಲಿ ಇದೇ ಮಾತು.

ಅಣ್ಣ ವೈಟ್‌ಫೀಲ್ಡ್ ಕಡೆ ಫ್ಲಾಟ್ ತೆಗೆದುಕೊಂಡಿದ್ದಾನೆ. ನಾಲ್ಕನೇ ಮಹಡಿ. ಲಿಫ್ಟ್ ಇದೆ, ಕಮೋಡ್ ಇದೆ, ಗೀಸರ್ ಇದೆ, ಆಸ್ಪತ್ರೆ ಹತ್ತಿರ. "ಇನ್ನೇನು ಬೇಕು, ಕರೆದುಕೊಂಡು ಬಂದುಬಿಡೋಣ" ಅನ್ನುತ್ತಾನೆ. ಅಮ್ಮ ಒಪ್ಪುತ್ತಿಲ್ಲ. "ಅಲ್ಲಿಗೆ ಬಂದು ಗೋಡೆ ನೋಡ್ಕೊಂಡು ಕೂತ್ಕೋಬೇಕಾ?" ಅಂತಾರೆ.

ಊರ ಮನೆ ಹಳೇ ಕಲ್ಲುಚಪ್ಪಡಿ ಮನೆ. ಬಚ್ಚಲು ಹಿತ್ತಲಲ್ಲಿದೆ, ಮೂರು ಮೆಟ್ಟಿಲು ಇಳಿದು ಹೋಗಬೇಕು. ನೆಲಕ್ಕೆ ಕಡಪ ಕಲ್ಲು, ಪಾಚಿ ಕಟ್ಟುತ್ತದೆ. ನೀರು ಕಾಯಿಸಲು ಹಂಡೆ ಒಲೆ. ಪಾಯಖಾನೆ ಇನ್ನೂ ಆಚೆ. ಕುಡಿಯುವುದು ಬೋರ್ ನೀರು. ಫಿಲ್ಟರ್ ನೀರಿನ ಘಟಕ ಊರಾಚೆ ಇದೆ, ಅಲ್ಲಿಂದ ಕ್ಯಾನ್ ಹೊತ್ತು ತರಲು ಅವರಿಂದ ಆಗುವುದಿಲ್ಲ. ಮಂಡಿ ನೋವು ಹಳೆಯದು, ಈಗ ಕತ್ತು, ಬೆನ್ನೂ ಬಿಗಿಯಾಗಿವೆ.

ಜಾಗ ಬದಲಾದರೆ ಈ ವಯಸ್ಸಿನಲ್ಲಿ ಆರೋಗ್ಯ ಸುಧಾರಿಸುತ್ತಾ, ಕೆಡುತ್ತಾ? ನಿಮ್ಮ ಮನೆಗಳಲ್ಲಿ ಏನಾಯಿತು ಹೇಳಿ.

ಮಾವಿನತೋಪು ಶ್ರೀನಿವಾಸಪುರ

ಕರೆದುಕೊಂಡು ಬರಬೇಡಿ. ಬೇಡ ಅಂತ ಅವರೇ ಹೇಳುತ್ತಿದ್ದಾರಲ್ಲ.

ಬಂಗಾರಪೇಟೆ ಪ್ಯಾಸೆಂಜರ್

ನಮ್ಮ ಅಪ್ಪನ ಕಥೆ ಹೇಳುತ್ತೇನೆ. ಊರಲ್ಲಿದ್ದಾಗ ಬೆಳಗ್ಗೆ ಎದ್ದು ಅಂಗಡಿ ಬೀದಿಗೆ ಹೋಗಿ, ಹೋಟೆಲಲ್ಲಿ ಕಾಫಿ ಕುಡಿದು, ಪೇಪರ್ ಓದಿ, ನಾಲ್ಕು ಜನರ ಹತ್ತಿರ ಜಗಳವಾಡಿ ಮನೆಗೆ ಬರುತ್ತಿದ್ದರು. ಶುಗರ್ ಇತ್ತು, ಆದರೂ ಗಟ್ಟಿಯಾಗಿದ್ದರು. ತಮ್ಮ ಬೆಂಗಳೂರಿಗೆ ಕರೆದುಕೊಂಡು ಹೋದ. ಫ್ಲಾಟ್ ಚೆನ್ನಾಗಿಯೇ ಇತ್ತು, ಊಟ ಔಷಧಿ ಯಾವುದಕ್ಕೂ ಕೊರತೆ ಇರಲಿಲ್ಲ.

ನಾನು ನೋಡಲು ಹೋದಾಗೆಲ್ಲ ಅಪ್ಪ ಒಂದೇ ಜಾಗದಲ್ಲಿ ಇರುತ್ತಿದ್ದರು. ಮುಂಬಾಗಿಲು ತೆರೆದು, ಚಪ್ಪಲಿ ಸ್ಟ್ಯಾಂಡ್ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಲಿಫ್ಟ್ ಕಡೆ ನೋಡುತ್ತಾ ಕೂತಿರುತ್ತಿದ್ದರು. ಲಿಫ್ಟ್ ಸದ್ದಾದರೆ ಎದ್ದು ನಿಲ್ಲುವರು. ಯಾರೋ ಮೊಬೈಲ್ ನೋಡಿಕೊಂಡು ದಾಟಿ ಹೋಗುವರು. ಆಮೇಲೆ "ಬಾಗಿಲು ತೆರೆದಿಡಬೇಡಿ" ಅಂತ ಅಸೋಸಿಯೇಷನ್‌ನವರು ಹೇಳಿದರು. ಅಲ್ಲಿಗೆ ಅದೂ ನಿಂತುಹೋಯಿತು. ಊಟ ಕಡಿಮೆಯಾಯಿತು, ನಡಿಗೆ ನಿಂತಿತು, ಶುಗರ್ ಏರಿತು. ಡಾಕ್ಟರ್ ಮಾತ್ರೆ ಜಾಸ್ತಿ ಮಾಡುತ್ತಲೇ ಹೋದರು. ಅವರಿಗೆ ಬೇಕಾಗಿದ್ದಿದ್ದು ಮಾತನಾಡಲು ಜನ.

ಚಿಂತಾಮಣಿ ಅಕ್ಕ

@ಬಂಗಾರಪೇಟೆ ಪ್ಯಾಸೆಂಜರ್, ನಿಮ್ಮ ಅಪ್ಪನ ವಿಷಯ ಓದಿ ಬೇಜಾರಾಯಿತು. ಆದರೆ ಎಲ್ಲರಿಗೂ ಹಾಗೇ ಆಗುತ್ತದೆ ಅನ್ನಬೇಡಿ. ನಮ್ಮ ಅಮ್ಮ ಬೆಂಗಳೂರಿಗೆ ಬಂದ ಮೇಲೆಯೇ ಚೆನ್ನಾಗಿ ಆಗಿದ್ದು.

ಊರಲ್ಲಿ ಬೆಳಗ್ಗೆ ನಾಲ್ಕಕ್ಕೆ ಏಳಬೇಕು, ಸಗಣಿ ಬಾಚಬೇಕು, ಹಾಲು ಕರೆಯಬೇಕು, ಸೌದೆ ಒಲೆ ಮುಂದೆ ಕೂರಬೇಕು. ವರ್ಷಗಟ್ಟಲೆ ಕೆಮ್ಮು ಇತ್ತು. ಬೀಡಿ ಮುಟ್ಟದ ಹೆಂಗಸಿಗೆ ಬೀಡಿ ಸೇದುವವರ ಶ್ವಾಸಕೋಶ ಆಗಿದೆ ಅಂತ ಡಾಕ್ಟರ್ ಹೇಳಿದರು. ಎಲ್ಲಾ ಒಲೆ ಹೊಗೆ. ಕಣ್ಣಿನ ಪೊರೆಗೂ ಹೊಗೆ ಒಂದು ಕಾರಣವಂತೆ. ಗ್ಯಾಸ್ ಸ್ಟವ್ ಮನೆಯಲ್ಲಿತ್ತು, ಆದರೆ ಸಿಲಿಂಡರ್ ಉಳಿಯಲಿ ಅಂತ ಸ್ನಾನದ ನೀರು, ಮುದ್ದೆ ಎಲ್ಲ ಸೌದೆಯಲ್ಲೇ.

ಇನ್ನೊಂದು ಮಾತು ಇಲ್ಲಿ ಯಾರೂ ಹೇಳುವುದಿಲ್ಲ. ಅಪ್ಪ ಹೋದ ಮೇಲೆ ಊರಲ್ಲಿ ಅಮ್ಮನನ್ನು ಯಾವ ಶುಭಕಾರ್ಯಕ್ಕೂ ಮುಂದೆ ನಿಲ್ಲಿಸುತ್ತಿರಲಿಲ್ಲ. ಹುಟ್ಟಿನಿಂದ ಗೊತ್ತಿರುವ ಜನವೇ ಹಾಗೆ ಮಾಡಿದ್ದು. ಇಲ್ಲಿ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಸಂಜೆ ಅವರ ವಯಸ್ಸಿನ ಹೆಂಗಸರದ್ದೇ ಒಂದು ಗುಂಪು ಇದೆ. ತೆಲುಗು, ತಮಿಳು, ಕನ್ನಡ ಎಲ್ಲಾ ಕಲಸಿ ಮಾತಾಡುತ್ತಾರೆ. ಅಮ್ಮನಿಗೆ ಅಲ್ಲಿ ಮರ್ಯಾದೆ ಇದೆ. ಊರು ಅಂದರೆ ಎಲ್ಲರಿಗೂ ಸುಖ ಅಂತ ಅಂದುಕೊಳ್ಳಬೇಡಿ.

ಮಾವಿನತೋಪು ಶ್ರೀನಿವಾಸಪುರ

ಅದು ನಿಜ ಅಕ್ಕ. ಆದರೆ ನಿಮ್ಮ ಅಮ್ಮ ಒಪ್ಪಿ ಬಂದರು ಅಲ್ವಾ?

ಚಿಂತಾಮಣಿ ಅಕ್ಕ

ಒಪ್ಪಿ ಬಂದರು. ನೆಲಮಹಡಿ ಮನೆ, ಅದೂ ಮುಖ್ಯ. ಬಾಗಿಲು ತೆರೆದರೆ ಪಾರ್ಕು. ನಾಲ್ಕನೇ ಮಹಡಿ ಆಗಿದ್ದರೆ ಹೀಗೆ ಆಗುತ್ತಿತ್ತೋ ಇಲ್ಲವೋ.

ನಿವೃತ್ತ ಸಿಸ್ಟರ್

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಊರೋ ಬೆಂಗಳೂರೋ ಅನ್ನುವುದು ಆಮೇಲೆ. ಮೊದಲು ಅವರು ಯಾಕೆ ಬಿದ್ದರು ಅಂತ ತಿಳಿದುಕೊಳ್ಳಿ. ಬಚ್ಚಲಲ್ಲಿ ಬಿದ್ದರು ಅಂದ ಕೂಡಲೇ ಎಲ್ಲರೂ ನೆಲ ಜಾರಿತು ಅಂತಾರೆ. ನೆಲ ಅರ್ಧ ಕಾರಣ ಇರಬಹುದು.

ನಾಲ್ಕು ವಿಷಯ ಕೇಳಿ. ಬೀಳುವ ಮುಂಚೆ ಕಣ್ಣು ಕತ್ತಲೆ ಬಂತಾ? ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರಾ, ಯಾವ ಹೊತ್ತಿಗೆ? ಮಣೆ ಮೇಲೆ ಕೂತು ಸ್ನಾನ ಮಾಡಿ ತಟ್ಟನೆ ಎದ್ದರಾ? ಕಣ್ಣಿಗೆ ಪೊರೆ ಬಂದಿದೆಯಾ? ಬಿಸಿ ನೀರು ಮೈಗೆ ಬಿದ್ದಾಗ ರಕ್ತನಾಳ ಹಿಗ್ಗುತ್ತವೆ, ಬಿ.ಪಿ. ಇಳಿಯುತ್ತದೆ. ಕೂತವರು ತಟ್ಟನೆ ಎದ್ದರೆ ಇನ್ನೂ ಇಳಿಯುತ್ತದೆ. ವಯಸ್ಸಾದವರಲ್ಲಿ ಅದು ಬೇಗ ಸರಿಹೋಗುವುದಿಲ್ಲ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ಬಿ.ಪಿ. ನೋಡಿಸಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಿ, ಮಾತ್ರೆ ಬದಲಾಯಿಸುತ್ತಾರೆ. ಈ ತೊಂದರೆ ಇದ್ದರೆ ವೈಟ್‌ಫೀಲ್ಡ್ ಫ್ಲಾಟಿನ ಟೈಲ್ಸ್ ಮೇಲೂ ಬೀಳುತ್ತಾರೆ.

ಒಮ್ಮೆ ಬಿದ್ದವರಿಗೆ ಭಯ ಹತ್ತುತ್ತದೆ. ನಡೆಯುವುದು ಕಡಿಮೆ ಮಾಡುತ್ತಾರೆ. ತೊಡೆಯ ಸ್ನಾಯು ಬಲ ಕಳೆದುಕೊಳ್ಳುತ್ತವೆ. ಮತ್ತೆ ಬೀಳುತ್ತಾರೆ. ಮಕ್ಕಳು ಪ್ರೀತಿಯಿಂದಲೇ "ಅಮ್ಮ, ನೀನು ಸುಮ್ನೆ ಕೂತ್ಕೋ" ಅನ್ನುತ್ತಾರೆ. ಆ ಮಾತೇ ಅವರನ್ನು ಹಾಸಿಗೆಗೆ ತಳ್ಳುತ್ತದೆ. ಸೊಂಟದ ಮೂಳೆ ಮುರಿದು ಬಂದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಮುರಿದ ಮೂಳೆಗಿಂತ, ಮಲಗಿದ್ದಲ್ಲೇ ಆಗುವ ನ್ಯುಮೋನಿಯಾ, ಬೆನ್ನು ಹುಣ್ಣು ಅವರನ್ನು ತಿನ್ನುತ್ತವೆ. ದಯವಿಟ್ಟು ಅಮ್ಮನನ್ನು ಕೂರಿಸಬೇಡಿ.

ಮುಳಬಾಗಿಲು ಮಗ

ಸಿಸ್ಟರ್, ತುಂಬಾ ಧನ್ಯವಾದ. ಬಿ.ಪಿ. ಮಾತ್ರೆ ಇದೆ, ಬೆಳಗ್ಗೆ ತೆಗೆದುಕೊಂಡು ಆಮೇಲೆ ಸ್ನಾನಕ್ಕೆ ಹೋಗುತ್ತಾರೆ. ಕಣ್ಣು ಕತ್ತಲೆ ಬಂದಿದ್ದು ಕೇಳಿಲ್ಲ, ಇವತ್ತು ಫೋನಿನಲ್ಲಿ ಕೇಳುತ್ತೇನೆ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ.

ನಿವೃತ್ತ ಸಿಸ್ಟರ್

ಬಾಕಿ ಕಣ್ಣನ್ನು ಬೇಗ ಮಾಡಿಸಿ. ಒಂದು ಕಣ್ಣು ಸ್ಪಷ್ಟ, ಒಂದು ಮಂಜು ಇದ್ದರೆ ಮೆಟ್ಟಿಲಿನ ಆಳ ಅಂದಾಜಾಗುವುದಿಲ್ಲ. ಹಳೇ ಮನೆಗಳಲ್ಲಿ ಹೊಸ್ತಿಲಿಗೆ ಅರಿಶಿನ ಬಳಿದಿರುತ್ತಾರಲ್ಲ, ಮಂಜುಗಣ್ಣಿಗೂ ಅದು ಕಾಣುತ್ತದೆ. ಹಾಗೇ ಆ ಮೂರು ಮೆಟ್ಟಿಲಿನ ಅಂಚಿಗೂ ಹಳದಿ ಪೇಂಟ್ ಹೊಡೆಸಿ, ಮೇಲೊಂದು ಲೈಟ್ ಹಾಕಿಸಿ.

ಕಟ್ಟಡ ಮೇಸ್ತ್ರಿ ಮಾಲೂರು

ಅಣ್ಣಾ, ಬಚ್ಚಲು ವಿಷಯಕ್ಕೆ ಊರು ಬಿಡಬೇಕಾ? ಪಡಸಾಲೆಯ ಒಂದು ಮೂಲೆಯಲ್ಲಿ, ಇಲ್ಲಾಂದರೆ ಅಡುಗೆಮನೆ ಪಕ್ಕ ಐದಡಿ ಆರಡಿ ಜಾಗ ಸಿಕ್ಕರೆ ಸಾಕು. ಬಚ್ಚಲು, ಕಮೋಡ್ ಎರಡೂ ಒಳಗೇ ಬರುತ್ತವೆ. ರಾತ್ರಿ ಟಾರ್ಚ್ ಹಿಡಿದು ಹಿತ್ತಲಿಗೆ ಹೋಗುವುದು ತಪ್ಪುತ್ತದೆ.

ಮಾಡಿಸುವಾಗ ಕೆಲವು ನೋಡಿಕೊಳ್ಳಿ. ನುಣುಪು ಟೈಲ್ಸ್ ಬೇಡ, ಒರಟು ಟೈಲ್ಸ್ ಅಥವಾ ಗೆರೆ ಎಳೆದ ಸಿಮೆಂಟ್ ನೆಲ. ಕಮೋಡ್ ಕೂರುವ ಮಟ್ಟ ನೆಲದಿಂದ 17–18 ಇಂಚು ಇರಲಿ, ಮಂಡಿ ನೋವಿನವರಿಗೆ ಏಳಲು ಸುಲಭ. ಹಿಡಿದುಕೊಳ್ಳುವ ಸ್ಟೀಲ್ ರಾಡು ನೆಲದಿಂದ 33ರಿಂದ 36 ಇಂಚು ಎತ್ತರದಲ್ಲಿ, ಒಂದೂವರೆ ಇಂಚಿಗಿಂತ ದಪ್ಪ ಬೇಡ, ಮುಷ್ಟಿಗೆ ಸಿಗಬೇಕು. ಟವೆಲ್ ಹಾಕುವ ರಾಡು ಬೇರೆ, ಇದು ಬೇರೆ. ಮೈಭಾರ ಹಾಕಿದರೆ ಟವೆಲ್ ರಾಡು ಕಿತ್ತು ಬರುತ್ತದೆ. ಬಾಗಿಲು ಹೊರಗಡೆಗೆ ತೆರೆಯಬೇಕು. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಆದರೆ ತಳ್ಳಿ ತೆರೆಯಲು ಆಗುವುದಿಲ್ಲ. ಚಿಲಕ ಹೊರಗಿನಿಂದಲೂ ತೆಗೆಯಲು ಬರುವಂಥದ್ದು ಹಾಕಿಸಿ.

ಅಂತರಗಂಗೆ ಮೇಷ್ಟ್ರು

ಬಚ್ಚಲು ಸರಿ, ಲೈಟ್ ಸರಿ. ಯಾರೂ ನೀರಿನ ಮಾತೇ ಎತ್ತಲಿಲ್ಲ! "ಕತ್ತು, ಬೆನ್ನು ಬಿಗಿಯಾಗಿವೆ" ಅಂತ ಬರೆದಿದ್ದಾರೆ, "ಕುಡಿಯುವುದು ಬೋರ್ ನೀರು" ಅಂತಲೂ ಬರೆದಿದ್ದಾರೆ. ಕೋಲಾರ ಜಿಲ್ಲೆಯವರಿಗೆ ಈ ಎರಡು ಸಾಲು ಒಟ್ಟಿಗೆ ಓದಿದರೆ ಸಾಕಲ್ವಾ?

ನಮ್ಮ ಜಿಲ್ಲೆಗೆ ತುಂಬಿ ಹರಿಯುವ ನದಿ ಇಲ್ಲ. ಕೆರೆ ನಂಬಿದ್ದೆವು, ಕೆರೆ ಬತ್ತಿದ ಮೇಲೆ ಬೋರ್ ಕೊರೆದೆವು. ಸಾವಿರ ಅಡಿ ದಾಟಿದ ಬೋರ್‌ಗಳು ಎಷ್ಟು ಊರುಗಳಲ್ಲಿ ಇಲ್ಲ? ಇಲ್ಲಿನ ಗ್ರಾನೈಟ್ ಬಂಡೆಯಲ್ಲಿ ಫ್ಲೋರೈಡ್ ಇರುವ ಖನಿಜಗಳಿವೆ. ನೀರು ಬಹಳ ಕಾಲ ಬಂಡೆಯ ಸಂದಿಯಲ್ಲಿ ನಿಂತರೆ ಅದು ಕರಗಿ ಸೇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಸಿಗದಿದ್ದರೆ 1.5ರ ತನಕ ನಡೆಯುತ್ತದೆ ಅನ್ನುವುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆಗೆ ಸೇರುತ್ತದೆ, ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ.

"ನಮ್ಮ ಅಮ್ಮನ ಹಲ್ಲು ಬೆಳ್ಳಗಿವೆ, ಅವರಿಗೆ ಫ್ಲೋರೈಡ್ ತೊಂದರೆ ಇಲ್ಲ" ಅಂತ ಬಹಳ ಜನ ಹೇಳುತ್ತಾರೆ. ಹಲ್ಲಿನ ಕಲೆ ಬೀಳುವುದು ಚಿಕ್ಕಂದಿನಲ್ಲಿ, ಹಲ್ಲು ಒಸಡಿನ ಒಳಗೆ ಬೆಳೆಯುವಾಗ. ಈಗ 74 ಆದವರು ಚಿಕ್ಕವರಿದ್ದಾಗ ತೆರೆದ ಬಾವಿ, ಕಲ್ಯಾಣಿ, ಕೆರೆ ನೀರು ಕುಡಿದವರು. ಆಳದ ಬೋರ್ ಆಮೇಲೆ ಬಂತು. ಹಲ್ಲು ಚೆನ್ನಾಗಿಯೇ ಇರುತ್ತದೆ, ಮೂಳೆ ಕೆಟ್ಟಿರುತ್ತದೆ. ಎಲ್ಲರೂ ಅದನ್ನು ವಯಸ್ಸಿನ ಮಂಡಿ ನೋವು ಅಂತ ಎಣ್ಣೆ ತಿಕ್ಕುತ್ತಾ ಇರುತ್ತಾರೆ. ನೀರು ಪರೀಕ್ಷೆ ಮಾಡಿಸಿ. ಎಕ್ಸ್‌ರೇ ತೆಗೆಸುವಾಗ ನಿಮ್ಮ ಊರಿನ ನೀರಿನ ವಿಷಯ ಡಾಕ್ಟರಿಗೆ ಹೇಳಿ.

ಬೋರ್‌ವೆಲ್ ಗೌಡ

ಕುದಿಸಿ ಕುಡಿದರೆ ಆಗಲ್ವಾ ಮೇಷ್ಟ್ರೇ?

ಅಂತರಗಂಗೆ ಮೇಷ್ಟ್ರು

ಆಗುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಅಷ್ಟೆ. ಆರ್‌ಒ ಫಿಲ್ಟರ್ ಬೇಕು, ಇಲ್ಲಾಂದರೆ ಮಳೆ ನೀರು ಹಿಡಿಯಬೇಕು. ಅಡುಗೆಗೂ ಆ ನೀರೇ ಬಳಸಬೇಕು. ಕ್ಯಾನ್ ನೀರು ಬರೀ ಕುಡಿಯಲು ಇಟ್ಟುಕೊಂಡು, ಸಾರು, ಮುದ್ದೆ, ಟೀಗೆ ಬೋರ್ ನೀರು ಹಾಕುತ್ತಾರೆ. ಅರ್ಧಕ್ಕರ್ಧ ಅಲ್ಲೇ ಹೊಟ್ಟೆಗೆ ಹೋಗುತ್ತದೆ.

ಟೊಮೆಟೊ ಮಂಡಿ

ಆರ್‌ಒ ನೀರಲ್ಲಿ ಸತ್ವ ಇಲ್ಲ, ಅದರಿಂದಲೇ ಮೂಳೆ ಸವೆಯುತ್ತದೆ ಅಂತ ನಮ್ಮ ಕಡೆ ಹೇಳುತ್ತಾರೆ. ಸುಮ್ನೆ ಹೆದರಿಸಬೇಡಿ.

ಅಂತರಗಂಗೆ ಮೇಷ್ಟ್ರು

ಖನಿಜ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಅದನ್ನು ರಾಗಿ, ಹಾಲು, ಸೊಪ್ಪಿನಿಂದ ತುಂಬಿಕೊಳ್ಳಬಹುದು. ಮೂಳೆಗೆ ಸೇರಿದ ಫ್ಲೋರೈಡ್ ತೆಗೆಯಲು ಯಾವ ಸೊಪ್ಪಿದೆ ಹೇಳಿ?

ಬೋರ್‌ವೆಲ್ ಗೌಡ

ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಕೆರೆಗಳಿಗೆ ನೀರು ಬಂದ ಮೇಲೆ ನಮ್ಮ ಕಡೆ ಬೋರ್ ನೀರಿನ ಮಟ್ಟ ಮೇಲಕ್ಕೆ ಬಂದಿದೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ನೀರು ಬಿಟ್ಟಾಗ ನಾನೇ ಹೋಗಿ ನೋಡಿದ್ದೆ. ಬತ್ತಿದ ಕೆರೆಗಳು ತುಂಬಿದವು. ಅದನ್ನೂ ಹೇಳಿ.

ನರಸಾಪುರ ಹುಡುಗಿ

ತುಂಬಿತು, ಸರಿ. ತುಂಬಿದ್ದು ಏನು? ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕಳಿಸುತ್ತಾರೆ. ಮೂರನೇ ಹಂತ ಮಾಡಿ ಅಂತ ಜಿಲ್ಲೆಯವರು ಕೇಳುತ್ತಲೇ ಇದ್ದಾರೆ. ಬೆಳೆಗೆ ಆಯಿತು. ಆದರೆ ಕೆರೆ ಪಕ್ಕದ ಬೋರ್ ನೀರನ್ನು ನಮ್ಮ ಅಜ್ಜಿ ಕುಡಿಯಬಹುದಾ ಅಂತ ಕೇಳಿದರೆ ಗಟ್ಟಿಯಾಗಿ ಹೌದು ಅನ್ನುವವರು ಯಾರೂ ಸಿಗುವುದಿಲ್ಲ.

ಬೋರ್‌ವೆಲ್ ಗೌಡ

ಆ ನೀರು ಇಲ್ಲದಿದ್ದರೆ ಈ ಹೊತ್ತಿಗೆ ತೋಟ ಒಣಗಿ ನಾವೇ ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸ ಮಾಡುತ್ತಿದ್ದೆವು ತಾಯಿ. ಮಕ್ಕಳು ಊರಲ್ಲಿ ಉಳಿದರೆ ತಾನೇ ವಯಸ್ಸಾದವರಿಗೆ ಜೊತೆ?

ಟೊಮೆಟೊ ಮಂಡಿ

ಹೌದು, ಇದು ಸರಿ. ನಮ್ಮ ಊರಲ್ಲಿ ಬೀಗ ಹಾಕಿದ ಮನೆಗಳೇ ಜಾಸ್ತಿ. ಇರುವವರೆಲ್ಲ ಅರವತ್ತು ದಾಟಿದವರು. ಊರಲ್ಲಿ ಜನ ಇದ್ದಾರೆ ಅಂತ ನೀವೆಲ್ಲ ಬರೆಯುತ್ತೀರಿ. ಯಾವ ಊರಲ್ಲಿ?

ಕೋಲಾರ ಟೌನ್ ವಾಸಿ

ನೀರಿನ ಜಗಳ ಬೇರೆ ಕಡೆ ಇಟ್ಟುಕೊಳ್ಳೋಣ. ಕೇಳಿದವರಿಗೆ ನನ್ನ ಸಲಹೆ: ಮುಳಬಾಗಿಲು ಅಥವಾ ಕೋಲಾರ ಟೌನಿನಲ್ಲಿ ನೆಲಮಹಡಿಯ ಒಂದು ಚಿಕ್ಕ ಮನೆ ಮಾಡಿ. ಊರಿಗೂ ಹತ್ತಿರ, ಆಸ್ಪತ್ರೆಗೂ ಹತ್ತಿರ.

ಕ್ಲಾಕ್ ಟವರ್

ಟೌನಿನಲ್ಲಿ ವಯಸ್ಸಾದವರು ನಡೆಯುವುದು ಎಲ್ಲಿ? ಫುಟ್‌ಪಾತ್ ಇದ್ದ ಕಡೆ ಅಂಗಡಿಯವರು ಸಾಮಾನು ಇಟ್ಟಿರುತ್ತಾರೆ. ಮೋರಿ ಮೇಲಿನ ಚಪ್ಪಡಿ ಒಂದು ಇದ್ದರೆ ಒಂದು ಇಲ್ಲ. ಬೆಳಗಿನ ಹೊತ್ತು ನಾಯಿ. ನಮ್ಮ ತಾತ ಕೋಲಾರಮ್ಮನ ಕೆರೆ ಕಡೆ ವಾಕಿಂಗ್ ಹೋಗುತ್ತಿದ್ದವರು, ನಾಯಿ ಅಟ್ಟಿಸಿಕೊಂಡು ಬಂದ ಮೇಲೆ ಟೆರೇಸ್ ಮೇಲೆ ಸುತ್ತು ಹಾಕುತ್ತಾರೆ. ಟೆರೇಸಿಗೆ ಹೋಗಲು ಮತ್ತೆ ಮೆಟ್ಟಿಲು. ಅವರ ಬೆಳಗಿನ ಗೆಳೆಯರೆಲ್ಲ ತಪ್ಪಿಹೋದರು.

ಅಮಾನಿಕೆರೆ ವಾಕರ್

ತುಮಕೂರಲ್ಲೂ ಅದೇ ಕಥೆ. ಅಮಾನಿಕೆರೆ ಏರಿ ಮೇಲೆ ನಡೆಯಲು ಚೆನ್ನಾಗಿದೆ, ವಯಸ್ಸಾದವರು ತುಂಬಾ ಜನ ಬರುತ್ತಾರೆ. ಆದರೆ ಮನೆಯಿಂದ ಅಲ್ಲಿಗೆ ತಲುಪಲು ರಸ್ತೆ ದಾಟಬೇಕಲ್ಲ, ಅಲ್ಲೇ ಕಷ್ಟ. ಕೂತು ಸುಧಾರಿಸಿಕೊಳ್ಳಲು ದಾರಿಯಲ್ಲಿ ಒಂದು ಕಲ್ಲುಬೆಂಚು, ಒಂದು ಶೌಚಾಲಯ ಇಲ್ಲದಿದ್ದರೆ ಶುಗರ್ ಇರುವವರು ಹೊರಗೆ ಬರುವುದಕ್ಕೇ ಹೆದರುತ್ತಾರೆ. ನೀರು ಕುಡಿಯುವುದನ್ನೇ ಬಿಡುತ್ತಾರೆ. ಆ ವಯಸ್ಸಲ್ಲಿ ಬಾಯಾರಿಕೆ ಮೊದಲೇ ಕಡಿಮೆ. ಬೇಸಿಗೆಯಲ್ಲಿ ಇದು ಅಪಾಯ.

ಚಾಂಪಿಯನ್ ರೀಫ್

ಕೆಜಿಎಫ್‌ನಿಂದ ಬರೆಯುತ್ತಿದ್ದೇನೆ. ನಮ್ಮ ತಾತ ಗಣಿಯಲ್ಲಿ ಕೆಲಸ ಮಾಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಜನ ಅದೇ ಲೈನ್ ಮನೆಗಳಲ್ಲಿ ಉಳಿದರು. ಕಲ್ಲಿನ ಧೂಳು ಕುಡಿದ ಶ್ವಾಸಕೋಶ ತಾತನದ್ದು, ಸಿಲಿಕೋಸಿಸ್. ಆ ಕಾಯಿಲೆ ಇದ್ದವರಿಗೆ ಟಿ.ಬಿ. ಬೇಗ ಹತ್ತುತ್ತದೆ. ಗಾಳಿ ಜೋರಾಗಿ ಬೀಸುವ ತಿಂಗಳುಗಳಲ್ಲಿ ಸೈನೈಡ್ ಗುಡ್ಡದ (ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದು ಆದ ಗುಡ್ಡ) ಬಿಳಿ ಪುಡಿ ಮನೆ ಒಳಗೇ ಬರುತ್ತದೆ. ಅಜ್ಜಿ ಕಿಟಕಿಗೆ ಹಳೇ ಸೀರೆ ಒದ್ದೆ ಮಾಡಿ ಕಟ್ಟುತ್ತಿದ್ದರು. ಸಂಜೆಗೆ ಸೀರೆ ಬೂದುಬಣ್ಣ ಆಗಿರುತ್ತಿತ್ತು.

ತಾತನನ್ನು ಬೇರೆ ಕಡೆ ಕರೆದುಕೊಂಡು ಹೋಗೋಣ ಅಂತ ಎಷ್ಟು ಸಲ ಕೇಳಿದರೂ ಬರಲಿಲ್ಲ. ಪಕ್ಕದ ಮನೆಯವರೂ ಅದೇ ಶಾಫ್ಟಿನಲ್ಲಿ ಜೊತೆಗೆ ಇಳಿದವರು. ರಾತ್ರಿ ಕೆಮ್ಮು ಜಾಸ್ತಿಯಾದರೆ ಗೋಡೆ ಆಚೆಯಿಂದ ಎದ್ದು ಬರುತ್ತಿದ್ದರು. ಕಾಯಿಲೆ ತರಿಸಿದ್ದೂ ಆ ಜಾಗ, ನೋಡಿಕೊಂಡಿದ್ದೂ ಆ ಜಾಗ. ನಾನು ಯಾವುದು ಸರಿ ಅಂತ ಹೇಳಲಾರೆ. ಆದರೆ ಗಾಳಿ ಕೆಟ್ಟಿದ್ದರೆ ಮನೆಯವರು ಏನು ಮಾಡಿದರೂ ಸಾಲುವುದಿಲ್ಲ. ಆ ಗುಡ್ಡಗಳ ಮೇಲೆ ಗಿಡ ಬೆಳೆಸಿ, ಧೂಳು ಏಳದಂತೆ ಮಾಡುವುದು ಸರ್ಕಾರದ ಕೆಲಸ.

ತುಮಕೂರು ಸೊಸೆ

ಇಷ್ಟು ಜನ ಬರೆದಿದ್ದೀರಿ. ವೈಟ್‌ಫೀಲ್ಡ್ ಅತ್ತಿಗೆಯ ಮಾತು ಒಬ್ಬರೂ ಕೇಳಲಿಲ್ಲ. ಇಬ್ಬರೂ ಕೆಲಸಕ್ಕೆ ಹೋಗುವವರು. ಅಮ್ಮ ಬಂದರೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಮಾತ್ರೆ, ಆಸ್ಪತ್ರೆ ಯಾರು ನೋಡುವುದು? ಮಗ ಕರೆದುಕೊಂಡು ಬರುತ್ತಾನೆ, ಸೊಸೆ ರಜೆ ಹಾಕುತ್ತಾಳೆ.

ಮಾವಿನತೋಪು ಶ್ರೀನಿವಾಸಪುರ

ಸೊಸೆಯೇ ಮಾಡಬೇಕು ಅಂತ ಯಾರೂ ಹೇಳಲಿಲ್ಲವಲ್ಲ ಅಕ್ಕ.

ತುಮಕೂರು ಸೊಸೆ

ಹೇಳುವುದಿಲ್ಲ ಅಣ್ಣ. ಹೇಳದೆಯೇ ಮಾಡಿಸಿಕೊಳ್ಳುತ್ತಾರೆ. ನಮ್ಮ ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ, ಅವರನ್ನು ಕಂಡರೆ ನನಗೆ ಇಷ್ಟ. ಮಧ್ಯಾಹ್ನಕ್ಕೆ ಒಬ್ಬ ಹೆಂಗಸನ್ನು ಗೊತ್ತು ಮಾಡಿದ ಮೇಲೆ ಅವರೂ ಆರಾಮಾದರು, ನಾನೂ ಆರಾಮಾದೆ. ಆ ದುಡ್ಡು ಗಂಡ, ಮೈದುನ ಸೇರಿ ಕೊಡುತ್ತಾರೆ. ಇಂಥ ಏರ್ಪಾಡು ಮೊದಲೇ ಮಾತಾಡಿ. ಮನೆಯಲ್ಲಿ ಮುನಿಸು ಇದ್ದರೆ ಯಾವ ಕಮೋಡ್ ಹಾಕಿಸಿದರೂ ವಯಸ್ಸಾದವರಿಗೆ ನೆಮ್ಮದಿ ಇರುವುದಿಲ್ಲ. ಅವರಿಗೆ ಎಲ್ಲ ಗೊತ್ತಾಗುತ್ತದೆ.

ಬಂಗಾರಪೇಟೆ ಪ್ಯಾಸೆಂಜರ್

ಇದು ನೂರಕ್ಕೆ ನೂರು ಸತ್ಯ.

ಗೌರಿಬಿದನೂರು 561208

ಒಂದು ವಿಷಯ ಸೇರಿಸುತ್ತೇನೆ. ಅಮ್ಮನಿಗೆ ಮರೆವು ಏನಾದರೂ ಶುರುವಾಗಿದೆಯಾ ನೋಡಿಕೊಳ್ಳಿ. ಮರೆವು ಇರುವವರಿಗೆ ಹೊಸ ಮನೆ ತುಂಬಾ ಗೊಂದಲ ಮಾಡುತ್ತದೆ. ನಮ್ಮ ದೊಡ್ಡಮ್ಮ ಊರಲ್ಲಿ ಕತ್ತಲಲ್ಲೂ ಕೈಯಾಡಿಸಿಕೊಂಡು ಬಚ್ಚಲಿಗೆ ಹೋಗಿ ಬರುತ್ತಿದ್ದರು. ಮಗಳ ಮನೆಯಲ್ಲಿ ರಾತ್ರಿ ಎದ್ದು ಬಚ್ಚಲು ಅಂತ ಬಾಲ್ಕನಿ ಬಾಗಿಲು ತೆಗೆಯುತ್ತಿದ್ದರು. ಸಂಜೆಯಾದರೆ "ಮನೆಗೆ ಹೋಗೋಣ, ಹಸುಗೆ ಹುಲ್ಲು ಹಾಕಬೇಕು" ಅಂತ ಹಠ.

ಮುಳಬಾಗಿಲು ಮಗ

ಮರೆವು ಇಲ್ಲ. ಯಾರು ಎಷ್ಟು ಸಾಲ ಕೊಡಬೇಕು ಅನ್ನುವುದೂ ನೆನಪಿದೆ. ಹಸು ಅಂದಿದ್ದಕ್ಕೆ ಹೇಳುತ್ತೇನೆ, ನಮ್ಮಲ್ಲೂ ಒಂದು ಹಸು ಇದೆ. ಅದನ್ನು ಮೊದಲು ಮಾರಿಬಿಡಬೇಕು ಅಂತ ಅಣ್ಣ ಹೇಳುತ್ತಿದ್ದಾನೆ. ಬೆಳಗ್ಗೆ ಸಂಜೆ ಡೈರಿಗೆ ಹಾಲು ಹಾಕಲು ಅಮ್ಮನೇ ಹೋಗುತ್ತಾರೆ.

ನಿವೃತ್ತ ಸಿಸ್ಟರ್

ದಿನಕ್ಕೆ ಎರಡು ಸಲ ಡೈರಿಗೆ ನಡೆದು, ಸಾಲಲ್ಲಿ ನಿಂತು, ಹತ್ತು ಜನರ ಜೊತೆ ಮಾತಾಡಿ ಬರುವ 74ರ ಹೆಂಗಸಿಗೆ ನಾನು ಇನ್ನೇನು ವ್ಯಾಯಾಮ ಹೇಳಲಿ? ಅದನ್ನು ನಿಲ್ಲಿಸಬೇಡಿ.

ಟೊಮೆಟೊ ಮಂಡಿ

ಸಿಸ್ಟರ್, ಹಸು ಒಂದು ಸಲ ಹಗ್ಗ ಎಳೆದರೆ ಸಾಕು, ಕೆಳಗೆ ಬೀಳುತ್ತಾರೆ. ನಮ್ಮ ಅತ್ತೆಗೆ ಕೈ ಮುರಿದಿದ್ದು ಹಾಗೇ. ಹಸು ಮಾರಲಿ. ಚಿಕ್ಕಪ್ಪನ ಮನೆ ಹಾಲನ್ನು ಡೈರಿಗೆ ಇವರು ತೆಗೆದುಕೊಂಡು ಹೋಗಲಿ.

ನಿವೃತ್ತ ಸಿಸ್ಟರ್

ಅದು ಒಳ್ಳೇ ಯೋಚನೆ. ಕೊಟ್ಟಿಗೆ ಕೆಲಸ ತಪ್ಪಲಿ, ಡೈರಿ ನಡಿಗೆ ಉಳಿಯಲಿ. ಆದರೆ ಅಮ್ಮನನ್ನು ಕೇಳಿ ಮಾಡಿ.

ಕುರುಡುಮಲೆ ಭಕ್ತೆ

2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಫ್ರೀ ಮಾಡುವ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಅಜ್ಜಿ ಆವಣಿ, ಕುರುಡುಮಲೆ, ಕೋಟಿಲಿಂಗ ಎಲ್ಲ ಸುತ್ತುತ್ತಿದ್ದಾರೆ. ಮೊದಲು ಮಗನ ಹತ್ತಿರ ಬಸ್ ಚಾರ್ಜು ಕೇಳಬೇಕಿತ್ತು. ಹೊರಗೆ ಹೋಗಿ ಬರುವ ದಿನ ಅವರ ಮುಖವೇ ಬೇರೆ. ಒಂದೇ ಕಷ್ಟ, ಬಸ್ಸಿನ ಮೊದಲ ಮೆಟ್ಟಿಲು ತುಂಬಾ ಎತ್ತರ. ಇಬ್ಬರು ಹಿಡಿದು ಹತ್ತಿಸಬೇಕು. ಕಂಡಕ್ಟರುಗಳು ಸ್ವಲ್ಪ ನಿಧಾನಿಸಿ ಸೀಟಿ ಊದಿದರೆ ದೊಡ್ಡ ಉಪಕಾರ.

ಕಾನೂನು ಮಾತು

ಮನೆ ರಿಪೇರಿ ಮಾಡಿಸುವ ಮುಂಚೆ ಮನೆ ಯಾರ ಹೆಸರಲ್ಲಿದೆ ನೋಡಿ. ಅಮ್ಮನ ಹೆಸರಲ್ಲೇ ಇರಲಿ. ದಾನಪತ್ರ ಬರೆದುಕೊಡುವುದಾದರೆ "ನೋಡಿಕೊಳ್ಳಬೇಕು" ಅನ್ನುವ ಷರತ್ತು ಅದರಲ್ಲೇ ಬರೆಸಿ. ಹಾಗೆ ಬರೆಸಿದ್ದು, ಮಕ್ಕಳು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಎ.ಸಿ. (ಉಪವಿಭಾಗಾಧಿಕಾರಿ) ಹತ್ತಿರ ಅರ್ಜಿ ಹಾಕಿ ಅದನ್ನು ರದ್ದು ಮಾಡಿಸಬಹುದು. 14567 ಹಿರಿಯರ ಸಹಾಯವಾಣಿ, ನಂಬರ್ ಅಮ್ಮನ ಫೋನಿನಲ್ಲಿ ಹಾಕಿಡಿ. 70 ದಾಟಿದವರಿಗೆ ಆಯುಷ್ಮಾನ್ ಕಾರ್ಡ್ ಆಧಾರ್ ತೋರಿಸಿದರೆ ಆಗುತ್ತದೆ, ವರಮಾನ ಕೇಳುವುದಿಲ್ಲ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ. ಅದನ್ನೂ ಮಾಡಿಸಿ.

ಮುಳಬಾಗಿಲು ಮಗ

ಎಲ್ಲರಿಗೂ ಧನ್ಯವಾದ. ಈ ಚರ್ಚೆಯನ್ನು ಅಣ್ಣ, ಅತ್ತಿಗೆಗೂ ಕಳಿಸಿದ್ದೇನೆ. ಅತ್ತಿಗೆ ತುಮಕೂರು ಅಕ್ಕನ ಮಾತು ಓದಿ ಫೋನ್ ಮಾಡಿದ್ದರು, ಬಹಳ ಹೊತ್ತು ಮಾತಾಡಿದೆವು. ಅಮ್ಮನನ್ನೂ ಕೇಳಿದೆ. ಬೀಳುವ ಮುಂಚೆ ಕಣ್ಣು ಕತ್ತಲೆ ಬಂದಿದ್ದು ನಿಜವಂತೆ, "ನೀವೆಲ್ಲ ಗಾಬರಿ ಆಗ್ತೀರ ಅಂತ ಹೇಳಲಿಲ್ಲ" ಅಂದರು. ಈ ವಾರ ಬಿ.ಪಿ. ತೋರಿಸುತ್ತೇವೆ. ಫಿಲ್ಟರ್ ನೀರಿನ ಕ್ಯಾನ್ ದಿನಕ್ಕೊಂದು ತಂದುಕೊಡಲು ಚಿಕ್ಕಪ್ಪನ ಮಗ ಒಪ್ಪಿದ್ದಾನೆ. ಮೇಸ್ತ್ರಿ ಅಣ್ಣ, ನಮ್ಮ ಗೋಡೆ ಕಲ್ಲು ಮಣ್ಣಿನದು. ರಾಡು ನಿಲ್ಲುತ್ತಾ?

ಕಟ್ಟಡ ಮೇಸ್ತ್ರಿ ಮಾಲೂರು

ಮಣ್ಣಿನ ಗೋಡೆಗೆ ಸ್ಕ್ರೂ ಹೊಡೆಯಬೇಡಿ, ನಿಲ್ಲುವುದಿಲ್ಲ. ನೆಲದಲ್ಲಿ ಒಂದೂವರೆ ಅಡಿ ಗುಂಡಿ ತೆಗೆದು ಜಿ.ಐ. ಪೈಪ್ ಕಂಬ ನಿಲ್ಲಿಸಿ ಕಾಂಕ್ರೀಟ್ ಹಾಕಿ. ಕಂಬದಿಂದ ಕಂಬಕ್ಕೆ ಅಡ್ಡ ಪೈಪ್ ವೆಲ್ಡಿಂಗ್ ಮಾಡಿಸಿ. ಜಾಗದ ಫೋಟೊ ಹಾಕಿ, ಅಳತೆ ಹೇಳುತ್ತೇನೆ.

ಕೀಲುಕೋಟೆ ಬಾಡಿಗೆದಾರ

ನಾವು ಬಾಡಿಗೆ ಮನೆಯಲ್ಲಿದ್ದೇವೆ. ಗೋಡೆಗೆ ತೂತು ಹಾಕಲು ಓನರ್ ಬಿಡುವುದಿಲ್ಲ. ನಮ್ಮ ತಾತನಿಗೆ ಕೂತು ಏಳಲು ಆಗುತ್ತಿಲ್ಲ, ಇರುವುದು ಇಂಡಿಯನ್ ಪಾಯಖಾನೆ. ಏನಾದರೂ ದಾರಿ ಇದೆಯಾ?

ಕಟ್ಟಡ ಮೇಸ್ತ್ರಿ ಮಾಲೂರು

ಇದೆ. ಅದರ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ, ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಕೈ ಇಡುವ ಹಿಡಿ ಎರಡೂ ಕಡೆ ಇರುವುದನ್ನೇ ತೆಗೆದುಕೊಳ್ಳಿ. ಕಾಲಿಗೆ ರಬ್ಬರ್ ಬುಷ್ ಇದೆಯಾ ನೋಡಿ. ಚಕ್ರ ಇರುವುದು ಬೇಡ.